ಹತ್ತಿರದ ದನಿ, ದೂರದ ಯುದ್ಧ: ರೋಜರ್ ವಾಟರ್ಸ್‌ನ ‘ಅಮ್ಯೂಸ್ಡ್ ಟು ಡೆತ್’ ಯಾವುದು ಕೊಳ್ಳಬೇಕು, ಹೇಗೆ ಕೇಳಬೇಕು

‘ಅಮ್ಯೂಸ್ಡ್ ಟು ಡೆತ್’ ಕೊಳ್ಳಬೇಕೆಂದಿರುವವರು ಮೊದಲು ಮುಖಪುಟ ನೋಡಿಕೊಳ್ಳಬೇಕು. ಟಿವಿಯ ಮುಂದೆ ವಾನರ ಕೂತಿದ್ದರೆ ಅದು 1992ರ ಮೂಲ ಆಲ್ಬಂ. ಪುಟ್ಟ ಮಗು ಕೂತಿದ್ದರೆ, 2015ರಲ್ಲಿ ಸೌಂಡ್ ಎಂಜಿನಿಯರ್ ಜೇಮ್ಸ್ ಗತ್ರಿ ಮೂಲ ಟೇಪುಗಳನ್ನು ಹೊರತೆಗೆದು ಹೊಸದಾಗಿ ಮಿಕ್ಸ್ ಮಾಡಿದ್ದು. ಎರಡರಲ್ಲೂ ಅವೇ ಹದಿನಾಲ್ಕು ಹಾಡು, ಸುಮಾರು 72 ನಿಮಿಷ. ಹಾಗಂತ ಹೊಸದನ್ನು ಹಳೆಯದಕ್ಕೆ ಪಾಲಿಶ್ ಹೊಡೆದ ಮರುಬಿಡುಗಡೆ ಎಂದುಕೊಳ್ಳಬೇಡಿ. ಯಾವ ದನಿ ಎಷ್ಟು ಹತ್ತಿರ, ಯಾವುದು ಎಷ್ಟು ದೂರ ಎಂಬ ಲೆಕ್ಕದ ಮೇಲೆ ನಿಂತ ಆಲ್ಬಂ ಇದು. ಆ ಲೆಕ್ಕ ಕೈತಪ್ಪಿದರೆ ಉಳಿಯುವುದು ಸಿಟ್ಟಿಗೆದ್ದ ಮನುಷ್ಯನೊಬ್ಬನ ಉದ್ದನೆಯ ಭಾಷಣ ಮಾತ್ರ. ಈ ಆಲ್ಬಂ ಬಗ್ಗೆ ‘ಬೋರು’ ಎನ್ನುವವರಲ್ಲಿ ಅರ್ಧಕ್ಕರ್ಧ ಜನ ಅದನ್ನು ಫೋನಿನ ಸ್ಪೀಕರಿನಲ್ಲೋ ಕಾರಿನಲ್ಲೋ ಕೇಳಿರುತ್ತಾರೆ ಎಂಬ ಗುಮಾನಿ ನಮ್ಮದು.

ಹಿನ್ನೆಲೆ ಚುಟುಕಾಗಿ. ವಾಟರ್ಸ್ ಹುಟ್ಟಿದ್ದು 1943ರ ಸೆಪ್ಟೆಂಬರ್‌ನಲ್ಲಿ. ಮಗುವಿಗೆ ಐದು ತಿಂಗಳಾಗಿದ್ದಾಗ, 1944ರ ಫೆಬ್ರವರಿಯಲ್ಲಿ, ಅಪ್ಪ ಎರಿಕ್ ಫ್ಲೆಚರ್ ವಾಟರ್ಸ್ ಇಟಲಿಯ ಆಂಜಿಯೊ ಯುದ್ಧಭೂಮಿಯಲ್ಲಿ ಸತ್ತರು. ಪಿಂಕ್ ಫ್ಲಾಯ್ಡ್ ಎಂಬ ಬ್ರಿಟಿಷ್ ರಾಕ್ ತಂಡದಲ್ಲಿದ್ದಾಗಲೂ ಅಲ್ಲಿಂದ 1985ರಲ್ಲಿ ಹೊರಬಿದ್ದ ಮೇಲೂ ಅವನು ಬರೆದ ಯುದ್ಧದ ಹಾಡುಗಳೆಲ್ಲ ಒಂದಲ್ಲ ಒಂದು ದಾರಿಯಲ್ಲಿ ಅಲ್ಲಿಗೇ ಹೋಗಿ ಮುಟ್ಟುತ್ತವೆ. ಈ ಆಲ್ಬಮ್ಮಿನ ಹೆಸರು ಅಮೆರಿಕದ ಚಿಂತಕ ನೀಲ್ ಪೋಸ್ಟ್‌ಮನ್ 1985ರಲ್ಲಿ ಟಿವಿಯ ಬಗ್ಗೆ ಬರೆದ ಪುಸ್ತಕದಿಂದ ಬಂದದ್ದು. ಸುದ್ದಿ, ಧರ್ಮ, ಚುನಾವಣೆ ಎಲ್ಲವೂ ಟಿವಿಯೊಳಗೆ ಹೊಕ್ಕ ಮೇಲೆ ಮನರಂಜನೆಯಾಗಿಬಿಡುತ್ತವೆ, ಜನರನ್ನು ಹಿಡಿತದಲ್ಲಿಡಲು ಸರ್ವಾಧಿಕಾರಿಯೇ ಬೇಕೆಂದಿಲ್ಲ ಎಂಬುದು ಪೋಸ್ಟ್‌ಮನ್ ವಾದ. ಅದಾಗಿ ಆರು ವರ್ಷಕ್ಕೆ, 1991ರಲ್ಲಿ, ಗಲ್ಫ್ ಯುದ್ಧ ನಡುಮನೆಯ ಟಿವಿಯಲ್ಲಿ ನೇರಪ್ರಸಾರವಾಯಿತು. ವಾಟರ್ಸ್‌ಗೆ ವಿಷಯ ಹುಡುಕುವ ಕೆಲಸವೇ ಉಳಿಯಲಿಲ್ಲ.

ಆಲ್ಬಂ ಶುರುವಾಗುವುದು ಹಾಡಿನಿಂದಲ್ಲ. ಜೀರುಂಡೆಯ ಸದ್ದು, ಎಲ್ಲೋ ನಾಯಿ ಬೊಗಳುತ್ತದೆ, ಯಾರದೋ ಟಿವಿ ಗೊಣಗುತ್ತಿರುತ್ತದೆ. ಇವುಗಳ ನಡುವೆ ಮುದುಕರೊಬ್ಬರು ಮಾತಿಗೆ ತೊಡಗುತ್ತಾರೆ. ಅವರು ಆಲ್ಫ್ ರಝೆಲ್, ಮೊದಲ ಮಹಾಯುದ್ಧದಲ್ಲಿ ರಾಯಲ್ ಫ್ಯೂಸಿಲಿಯರ್ಸ್ ಪಡೆಯ ಸಿಪಾಯಿ. ಎರಡು ಸೇನೆಗಳ ನಡುವಿನ ಬಯಲಲ್ಲಿ ಬಿದ್ದಿದ್ದ ಬಿಲ್ ಹಬರ್ಡ್ ಎಂಬ ಜೊತೆಗಾರನನ್ನು ಹೊತ್ತು ತರಲು ನೋಡಿದ್ದು, ನೋವು ತಡೆಯಲಾರದೆ ಅವನು ಕೆಳಗಿಳಿಸು ಎಂದು ಅಂಗಲಾಚಿದ್ದು, ಕೊನೆಗೆ ಅವನನ್ನು ಅಲ್ಲೇ ಬಿಟ್ಟು ಬರಬೇಕಾದದ್ದು ಇಷ್ಟನ್ನೂ ಏರಿಳಿತವಿಲ್ಲದ ದನಿಯಲ್ಲಿ ಹೇಳುತ್ತಾರೆ. ಹಬರ್ಡ್ ಕಲ್ಪನೆಯ ಪಾತ್ರವಲ್ಲ. ಆಲ್ಬಂ ಅರ್ಪಣೆಯಾಗಿರುವುದೇ 1917ರಲ್ಲಿ ಸತ್ತ ಆ ಸಿಪಾಯಿಗೆ. ರಝೆಲ್ ಮಾತಿನ ಕೆಳಗೆ ಜೆಫ್ ಬೆಕ್‌ನ ಗಿಟಾರ್, ತೀರಾ ಅಗತ್ಯ ಬಿದ್ದಾಗ ಮಾತ್ರ ಬಾಯಿಬಿಡುತ್ತದೆ.

ಆ ನಾಯಿಯನ್ನು ಗಮನಿಸಿ. ವ್ಯವಸ್ಥೆ ಸರಿಯಿದ್ದರೆ ಅದು ಸ್ಪೀಕರಿನೊಳಗಿಂದ ಬೊಗಳುವುದಿಲ್ಲ. ಸ್ಪೀಕರಿಗಿಂತ ಅಷ್ಟು ದೂರ ಆಚೆಗೆ, ಗೋಡೆ ದಾಟಿ ಪಕ್ಕದ ಮನೆಯ ಕಾಂಪೌಂಡಿನಿಂದ ಬೊಗಳುತ್ತದೆ. ಇದು ಕ್ಯೂಸೌಂಡ್ ಎಂಬ ತಂತ್ರದ ಕೈಚಳಕ. ಕೆನಡಾದ ಕಂಪನಿಯೊಂದು ಬೆಳೆಸಿದ ಈ ತಂತ್ರವನ್ನು ಅದಕ್ಕೂ ಮೊದಲು ಮಡೋನಾ, ಸ್ಟಿಂಗ್ ಆಲ್ಬಮ್ಮುಗಳಲ್ಲಿ ಬಳಸಿದ್ದರು. ಅಲ್ಲಿ ಅದು ಅಲಂಕಾರ, ಇಲ್ಲಿ ಕಥೆ ಹೇಳುವ ಸಾಧನ. ಪಕ್ಕದಿಂದ ಬರುವ ಸದ್ದು ಒಂದು ಕಿವಿಗೆ ಮೊದಲು, ಇನ್ನೊಂದಕ್ಕೆ ಚೂರು ತಡವಾಗಿ ಮುಟ್ಟುತ್ತದೆ. ಈ ಅಂತರ ಹೆಚ್ಚೆಂದರೆ 0.6ರಿಂದ 0.7 ಮಿಲಿಸೆಕೆಂಡ್. ಜೊತೆಗೆ ತಲೆ ಅಡ್ಡವಾಗುವುದರಿಂದ ತೀಕ್ಷ್ಣ ಸ್ವರಗಳು ಆಚೆ ಕಿವಿಗೆ ತುಸು ಮಂಕಾಗಿ ಕೇಳುತ್ತವೆ. ಮಿದುಳು ಈ ಎರಡು ಸುಳಿವು ಹಿಡಿದು ದಿಕ್ಕು ಗುರುತಿಸುತ್ತದೆ. ಎಡ ಬಲ ಚಾನೆಲ್‌ಗಳಲ್ಲಿ ಒಂದೊಂದು ಆವರ್ತನಕ್ಕೂ ಬೇರೆಬೇರೆ ಪ್ರಮಾಣದ ಅಂತರ ಬೆರೆಸಿ, ಎರಡೇ ಸ್ಪೀಕರಿನಿಂದ ಅದೇ ಸುಳಿವನ್ನು ಹುಟ್ಟಿಸುವುದು ಕ್ಯೂಸೌಂಡ್ ಕೆಲಸ.

ಇದರಿಂದಲೇ ಷರತ್ತುಗಳೂ ಹುಟ್ಟುತ್ತವೆ. ಎರಡು ಸ್ಪೀಕರ್, ನಿಮ್ಮ ತಲೆ, ಮೂರೂ ಸೇರಿ ಸಮಬಾಹು ತ್ರಿಕೋನವಾಗಬೇಕು. ಸಾಧಾರಣ ಹಾಲಿನಲ್ಲಿ ಸ್ಪೀಕರುಗಳ ನಡುವೆ 6 ಅಡಿ, ಪ್ರತಿ ಸ್ಪೀಕರಿನಿಂದ ಕುರ್ಚಿಗೂ 6 ಅಡಿ ಇಟ್ಟುಕೊಳ್ಳಿ. ಕಣ್ಣಳತೆ ಸಾಲದು, ಟೇಪು ಹಿಡಿದು ಅಳೆಯಿರಿ. ಸದ್ದು ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಸಾಗುತ್ತದೆ. ಒಂದು ಸ್ಪೀಕರ್ 10 ಸೆಂಟಿಮೀಟರ್ ಹತ್ತಿರವಿದ್ದರೆ ಸಾಕು, ಹತ್ತಿರ ಹತ್ತಿರ 0.3 ಮಿಲಿಸೆಕೆಂಡಿನ ತಪ್ಪು ಸೇರಿಕೊಳ್ಳುತ್ತದೆ. ಇಡೀ ಆಟವೇ ನಡೆಯುವುದು 0.7 ಮಿಲಿಸೆಕೆಂಡಿನೊಳಗೆ ಎಂಬುದನ್ನು ನೆನೆದರೆ ಈ ತಪ್ಪು ಎಷ್ಟು ದೊಡ್ಡದೆಂದು ಗೊತ್ತಾಗುತ್ತದೆ. ಟ್ವೀಟರ್, ಅಂದರೆ ತೀಕ್ಷ್ಣ ಸ್ವರ ಹೊರಡಿಸುವ ಪುಟ್ಟ ಭಾಗ, ಕಿವಿಯ ಎತ್ತರಕ್ಕಿರಲಿ. ಹಿಂದಿನ ಗೋಡೆಯಿಂದ ಕನಿಷ್ಠ ಒಂದೂವರೆ ಅಡಿ, ಪಕ್ಕದ ಗೋಡೆಯಿಂದ ಎರಡಡಿ ಬಿಡಿ.

ಪಕ್ಕದ ಗೋಡೆಯೇ ದೊಡ್ಡ ಶತ್ರು. ನಮ್ಮ ಫ್ಲ್ಯಾಟುಗಳ ಹಾಲಿನಲ್ಲಿ ಸಾಮಾನ್ಯವಾಗಿ ಒಂದು ಸ್ಪೀಕರಿನ ಪಕ್ಕ ಬಾಲ್ಕನಿಯ ಗಾಜು, ಇನ್ನೊಂದರ ಪಕ್ಕ ಊಟದ ಮನೆಗೆ ತೆರೆದ ಜಾಗ. ಗಾಜಿಗೆ ಬಡಿದು ವಾಪಸ್ ಬರುವ ಸದ್ದು ಕ್ಯೂಸೌಂಡ್ ಕೊಟ್ಟ ಸುಳಿವನ್ನು ಅಳಿಸಿಹಾಕುತ್ತದೆ. ಕನ್ನಡಿಯ ಉಪಾಯ ಮಾಡಿ ನೋಡಿ: ನೀವು ಕುರ್ಚಿಯಲ್ಲಿ ಕೂತಿರಿ, ಇನ್ನೊಬ್ಬರು ಗೋಡೆಗುಂಟ ಕನ್ನಡಿ ಸರಿಸಲಿ. ಕನ್ನಡಿಯಲ್ಲಿ ನಿಮಗೆ ಸ್ಪೀಕರಿನ ಮುಖ ಎಲ್ಲಿ ಕಾಣುತ್ತದೋ ಆ ಜಾಗಕ್ಕೆ ದಪ್ಪ ಪರದೆ ಎಳೆಯಿರಿ, ಇಲ್ಲವೇ ಪುಸ್ತಕ ತುಂಬಿದ ಕಪಾಟು ನಿಲ್ಲಿಸಿ. ಮಾಡಿದ್ದು ಸರಿಹೋಯಿತೇ ಎಂದು ತಿಳಿಯಲು ಬೇರೆ ಉಪಕರಣ ಬೇಡ, ನಾಯಿ ಹೊರಗೆ ಹೋಗಿದ್ದರೆ ಆಯಿತು.

ನಾಯಿ ಎರಡು ಸ್ಪೀಕರಿನ ನಡುವೆ ಎಲ್ಲೋ ಮಸಕಾಗಿ ತೇಲುತ್ತಿದ್ದರೆ, ಜೊತೆಗೆ ಬೇಸ್ ಕೂಡ ಸೊರಗಿದ್ದರೆ, ಒಂದು ಸ್ಪೀಕರಿನ ವೈರು ಅದಲುಬದಲಾಗಿರುತ್ತದೆ. ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ ಹೋಗಿದೆಯೇ ನೋಡಿ. ಪರೀಕ್ಷೆಗೆ ಮೊನೊದಲ್ಲಿ ರೆಕಾರ್ಡಾದ ಯಾವುದೇ ಹಳೆಯ ಹಾಡು ಹಾಕಿ. ಗಾಯಕರ ದನಿ ನಟ್ಟನಡುವೆ ಗಟ್ಟಿಯಾಗಿ ನಿಂತರೆ ವೈರು ಸರಿಯಿದೆ ಎಂದರ್ಥ. ಸೌಂಡ್‌ಬಾರ್ ಇದ್ದವರಿಗೆ ಆಸೆ ಇಟ್ಟುಕೊಳ್ಳಬೇಡಿ ಎಂದೇ ಹೇಳಬೇಕು. ಅದರೊಳಗಿನ ಪುಟ್ಟ ಸ್ಪೀಕರುಗಳು ಒಂದಕ್ಕೊಂದು ತೀರಾ ಹತ್ತಿರ, ಮೇಲೆ ಅದಕ್ಕೆ ತನ್ನದೇ ‘ವರ್ಚುವಲ್ ಸರೌಂಡ್’ ಬೇರೆ. ಒಂದು ಭ್ರಮೆಯ ಮೇಲೆ ಇನ್ನೊಂದು ಭ್ರಮೆ ಹೇರಿದರೆ ಎರಡೂ ಕೆಡುತ್ತವೆ. ಎವಿ ರಿಸೀವರ್ ಇದ್ದರೆ ಸ್ಟಿರಿಯೊ ಕೇಳುವಾಗ ‘ಪ್ಯೂರ್ ಡೈರೆಕ್ಟ್’ ಒತ್ತಿ, ಅಪ್‌ಮಿಕ್ಸ್, ನೈಟ್ ಮೋಡ್, ಬೇಸ್ ಬೂಸ್ಟ್ ಮೂರನ್ನೂ ಆರಿಸಿ. ಕಾರಿನಲ್ಲಿ ಚಾಲಕನ ಸೀಟು ಬಲಬದಿಯ ಸ್ಪೀಕರಿಗೆ ಅಂಟಿಕೊಂಡಿರುವುದರಿಂದ ತ್ರಿಕೋನದ ಮಾತೇ ಇಲ್ಲ. ಒಂಟಿ ಬ್ಲೂಟೂತ್ ಸ್ಪೀಕರ್ ಎಡ ಬಲ ಎರಡನ್ನೂ ಒಂದುಗೂಡಿಸಿದಾಗ ಕ್ಯೂಸೌಂಡ್ ಹೂಡಿದ ಅಂತರಗಳು ಪರಸ್ಪರ ಹೊಡೆದಾಡಿಕೊಂಡು ಕೆಲವು ಸದ್ದುಗಳು ತೆಳ್ಳಗಾಗುವುದೂ ಉಂಟು.

ಹೆಡ್‌ಫೋನ್? ಇಲ್ಲಿ ಬಹಳ ಜನ ಎಡವುತ್ತಾರೆ. ಇಷ್ಟು ಸೂಕ್ಷ್ಮವಾದ ಆಲ್ಬಮ್ಮಿಗೆ ಹೆಡ್‌ಫೋನೇ ಸರಿ ಎಂದು ತೋರುವುದು ಸಹಜ. ಆದರೆ ಸ್ಪೀಕರಿನ ಎದುರು ಕೂತಾಗ ಎರಡು ಕಿವಿಗೂ ಎರಡು ಸ್ಪೀಕರಿನ ಸದ್ದೂ ಬೀಳುತ್ತದೆ, ತಂತ್ರ ಆ ಬೆರಕೆಯನ್ನೇ ನಂಬಿಕೊಂಡಿದೆ. ಹೆಡ್‌ಫೋನಿನಲ್ಲಿ ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ ಮಾತ್ರ. ಹಾಗಾಗಿ ಸದ್ದು ಅಗಲವಾಗುತ್ತದೆ, ದೂರ ಹೋಗುವುದಿಲ್ಲ, ಕಿವಿಯ ಅಕ್ಕಪಕ್ಕದಲ್ಲೇ ಜೋತುಬೀಳುತ್ತದೆ. ಪದಗಳನ್ನು ಹಿಂಬಾಲಿಸಲು, ಹಿನ್ನೆಲೆಯ ಟಿವಿ ಮಾತು ಹೆಕ್ಕಲು ಹೆಡ್‌ಫೋನ್ ಒಳ್ಳೆಯದೇ. ಮೊದಲ ಬಾರಿ ಕೇಳಲು ಬೇಡ.

ವಾಲ್ಯೂಮ್ ವಿಷಯದಲ್ಲಿ ಒಂದು ಎಚ್ಚರಿಕೆ. ರಝೆಲ್ ಮಾತು ಮೆಲ್ಲಗಿದೆ ಎಂದು ಗುಂಡಿ ತಿರುಗಿಸಿಟ್ಟರೆ ಎರಡನೇ ಹಾಡು ಕಪಾಳಕ್ಕೆ ಬಾರಿಸುತ್ತದೆ. ಆರನೇ ಟ್ರ್ಯಾಕಿನ ಬಾಂಬು ಸಿಡಿದಾಗ ನಾಲ್ಕಿಂಚಿನ ವೂಫರ್ (ಬೇಸ್ ಹೊರಡಿಸುವ ಭಾಗ) ಇರುವ ಪುಟ್ಟ ಸ್ಪೀಕರುಗಳು ಪಟ್ ಎಂದು ಬಡಿದುಕೊಳ್ಳುತ್ತವೆ. ಮೊದಲು ಆ ಟ್ರ್ಯಾಕಿನ ಕೊನೆಯ ಭಾಗ ಹಾಕಿ, ಸ್ಪೀಕರ್ ತಡೆಯುವಷ್ಟಕ್ಕೆ ವಾಲ್ಯೂಮ್ ನಿಲ್ಲಿಸಿ, ಆಮೇಲೆ ಮೊದಲಿನಿಂದ ಶುರುಮಾಡಿ. ಮಾತು ಮೆಲ್ಲಗೆ ಕೇಳಿದರೆ ಕೇಳಲಿ. ಫ್ಯಾನ್ ಆಫ್ ಮಾಡಿ, ಅಷ್ಟೇ.

ಇನ್ನು ಹಾಡುಗಳು. ಅತ್ಯುತ್ತಮ ಭಾಗ ಮೂರರಿಂದ ಏಳನೇ ಟ್ರ್ಯಾಕಿನವರೆಗೆ ಇದೆ. ‘ಪರ್ಫೆಕ್ಟ್ ಸೆನ್ಸ್’ ಮೊದಲ ಭಾಗದಲ್ಲಿ ಕಲ್ಲುಗಳ ಮೇಲೆ ಕೂತ ಕೋತಿಯಿಂದ ಶುರುವಾಗಿ ಮನುಷ್ಯನ ಕೊಲೆಗಡುಕ ಚರಿತ್ರೆಯೆಲ್ಲ ಪಿಯಾನೊ ಮೇಲೆ ಹಾದುಹೋಗುತ್ತದೆ. ವಾಟರ್ಸ್‌ನ ಗೊಗ್ಗರು ದನಿಯ ಜೊತೆಗೆ ಪಿ. ಪಿ. ಅರ್ನಾಲ್ಡ್‌ಳ ತುಂಬುಕಂಠ. ಎರಡನೇ ಭಾಗದಲ್ಲಿ ಜಲಾಂತರ್ಗಾಮಿಯೊಂದು ಸಮುದ್ರದ ತೈಲಬಾವಿಯ ಮೇಲೆ ದಾಳಿ ಮಾಡುತ್ತದೆ, ಅದಕ್ಕೆ ವೀಕ್ಷಕ ವಿವರಣೆ ಕೊಡುವವನು ಮಾರ್ವ್ ಆಲ್ಬರ್ಟ್. ಅಮೆರಿಕದಲ್ಲಿ ಬ್ಯಾಸ್ಕೆಟ್‌ಬಾಲ್ ನೋಡುವವರಿಗೆಲ್ಲ ಪರಿಚಿತ ದನಿ ಅದು. ಆಟದ ಕಾಮೆಂಟರಿಯ ಅದೇ ಹುರುಪಿನಲ್ಲಿ ಅವನು ಟಾರ್ಪೆಡೊ ಬಿಡುವುದನ್ನು ಬಣ್ಣಿಸುತ್ತಾನೆ, ಕ್ರೀಡಾಂಗಣ ಹೋ ಎನ್ನುತ್ತದೆ. ಆಮೇಲೆ ಇಡೀ ಕ್ರೀಡಾಂಗಣ ಎದ್ದು ನಿಂತು ರಾಷ್ಟ್ರಗೀತೆಯ ಗತ್ತಿನಲ್ಲಿ ಹಾಡುತ್ತದೆ: ಎಲ್ಲವನ್ನೂ ದುಡ್ಡಿಗೆ ಪರಿವರ್ತಿಸಿ ನೋಡಿದರೆ ಎಲ್ಲವೂ ಸರಿಯಾಗೇ ಇದೆಯಲ್ಲ ಎಂದು. ಕೇಳುಗನೂ ಗುನುಗತೊಡಗುತ್ತಾನೆ, ಅಲ್ಲೇ ಸಿಕ್ಕಿಬೀಳುತ್ತಾನೆ. ರಾಗ ಅಷ್ಟು ಚೆಂದವಾಗಿರುವುದು ಬೇಕೆಂದೇ.

ಇದೇ ಮೂರನೇ ಟ್ರ್ಯಾಕಿನ ಆರಂಭಕ್ಕೊಂದು ಕಥೆಯಿದೆ. ಸ್ಟಾನ್ಲಿ ಕುಬ್ರಿಕ್‌ನ ಬಾಹ್ಯಾಕಾಶದ ಸಿನಿಮಾದಲ್ಲಿ ಸಾಯುವ ಕಂಪ್ಯೂಟರ್ ಹ್ಯಾಲ್‌ನ ದನಿ ಬಳಸಿಕೊಳ್ಳಲು ವಾಟರ್ಸ್ ಅನುಮತಿ ಕೇಳಿದ, ಕುಬ್ರಿಕ್ ಒಪ್ಪಲಿಲ್ಲ. ಆ ಜಾಗಕ್ಕೆ ವಾಟರ್ಸ್ ಹಿಂದುಮುಂದಾಗಿ ಓಡುವ ಮಾತು ಸೇರಿಸಿ, ಅದರಲ್ಲಿ ಕುಬ್ರಿಕ್‌ನ ಹೆಸರು ಹಿಡಿದೇ ಕುಟುಕಿದ. 1992ರ ಸಿಡಿ ಇದ್ದವರು ಮೂರನೇ ಟ್ರ್ಯಾಕನ್ನು ಕಂಪ್ಯೂಟರಿಗೆ ಇಳಿಸಿ, ಅಡಾಸಿಟಿ ಎಂಬ ಸದ್ದು ತಿದ್ದುವ ತಂತ್ರಾಂಶದಲ್ಲಿ ತೆರೆದು, ಶುರುವಿನ ಮಾತಿನ ಭಾಗ ಆಯ್ದು ‘ರಿವರ್ಸ್’ ಕೊಟ್ಟರೆ ಬೈಗುಳ ಸ್ಪಷ್ಟವಾಗಿ ಕೇಳುತ್ತದೆ. ಕುಬ್ರಿಕ್ 1999ರಲ್ಲಿ ತೀರಿಕೊಂಡ. 2015ರ ಮಿಕ್ಸಿನಲ್ಲಿ ಕೊನೆಗೂ ಹ್ಯಾಲ್ ಬಂದು ಕೂತಿದೆ. ಹ್ಯಾಲ್ ಬಂದದ್ದರಿಂದ ಕೋತಿ, ಟಿವಿ, ಯಂತ್ರ ಎಲ್ಲ ಒಂದೇ ದಾರಕ್ಕೆ ಬೀಳುತ್ತವೆ ನಿಜ. ಆದರೂ ಹಳೆಯ ಜಗಳಗಂಟತನಕ್ಕೆ ಅದರದೇ ರುಚಿಯಿತ್ತು.

‘ದ ಬ್ರೇವರಿ ಆಫ್ ಬೀಯಿಂಗ್ ಔಟ್ ಆಫ್ ರೇಂಜ್’ ಇಡೀ ಆಲ್ಬಮ್ಮಿನ ಬೀಗದ ಕೈ. ಗುಂಡು ತಾಗದಷ್ಟು ದೂರದಲ್ಲಿ ನಿಂತವನ ಧೈರ್ಯದ ಬಗ್ಗೆ ಇದು. ಮೊದಲು ನಿವೃತ್ತ ನಾಯಕನೊಬ್ಬನನ್ನು ಮಾತಿಗೆಳೆಯುತ್ತದೆ, ಅದು ರೊನಾಲ್ಡ್ ರೇಗನ್ ಎಂದೇ ಎಲ್ಲರೂ ಓದಿಕೊಂಡಿರುವುದು. ಆಮೇಲೆ ಬಾರಿನಲ್ಲಿ ಕೂತ ಗಿರಾಕಿಗಳ ಸರದಿ. ಇನ್ನೆರಡು ಬಿಯರ್ ತರಿಸಿಕೊಂಡು, ಟಿವಿ ಸೌಂಡ್ ಜಾಸ್ತಿ ಮಾಡಿಸಿ, ಮೂರು ಸಾವಿರ ಮೈಲಿ ದೂರದಿಂದ ಯುದ್ಧ ಗೆಲ್ಲುವವರು ಇವರು. ರಾಕ್ ಹಾಡಿಗೆ ಬೇಕಾದ ಓಟ, ವ್ಯಂಗ್ಯಕ್ಕೆ ಬೇಕಾದ ಹಗುರ ಎರಡೂ ಇಲ್ಲಿವೆ. ಗದರಿಸುವುದನ್ನು ಬಿಟ್ಟು ಮಿಮಿಕ್ರಿಗೆ ಇಳಿದಾಗ ವಾಟರ್ಸ್‌ಗೆ ಸಾಟಿಯಿಲ್ಲ.

ಅದರ ಬೆನ್ನಿಗೇ ‘ಲೇಟ್ ಹೋಮ್ ಟುನೈಟ್’, 1986ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ನೆಲೆಗಳಿಂದ ಹಾರಿದ ಅಮೆರಿಕದ ಎಫ್-111 ವಿಮಾನಗಳು ಲಿಬಿಯಾದ ಮೇಲೆ ಬಾಂಬು ಹಾಕಿದ್ದರ ಹಾಡು. ಸಂಗೀತ ಹೆಚ್ಚೇನಿಲ್ಲ, ಅಕೌಸ್ಟಿಕ್ ಗಿಟಾರ್, ಮೇಲೆ ಮೈಕೆಲ್ ಕೇಮನ್ ಹೊಂದಿಸಿದ ತಂತಿವಾದ್ಯಗಳು. ಆಕ್ಸ್‌ಫರ್ಡ್‌ಶೈರ್‌ನ ರೈತನ ಹೆಂಡತಿ ಕಿಟಕಿಯಲ್ಲಿ ನಿಂತು ಗಡಿಯಾರ ನೋಡುತ್ತಾಳೆ, ಚಹಾದ ಹೊತ್ತು. ಹೊರಗೆ ವಿಮಾನ ಹಾದುಹೋದದ್ದು ಅವಳ ಗಮನಕ್ಕೆ ಬರುವುದಿಲ್ಲ. ಟ್ರಿಪೊಲಿಯಲ್ಲಿ ಇನ್ನೊಬ್ಬ ಹೆಂಗಸು ಅಡುಗೆಮನೆಯಲ್ಲಿದ್ದಾಳೆ. ನಲ್ಲಿ ತೊಟ್ಟಿಕ್ಕುತ್ತಿದೆ, ವಾಷರ್ ಸವೆದಿದೆ, ಬದಲಾಯಿಸಬೇಕು. ಆಮೇಲೆ ಬಾಂಬು. ಇಡೀ ಆಲ್ಬಮ್ಮಿನಲ್ಲಿ ಸಾಮ್ರಾಜ್ಯಶಾಹಿ, ಮಾರುಕಟ್ಟೆ, ದೇವರು ಇವುಗಳ ಬಗ್ಗೆ ನೂರಾರು ಸಾಲುಗಳಿವೆ. ಅವೆಲ್ಲ ಸೇರಿ ಮಾಡದ ಕೆಲಸವನ್ನು ಆ ಸವೆದ ವಾಷರ್ ಮಾಡುತ್ತದೆ. ಎರಡನೇ ಭಾಗದಲ್ಲಿ ಪೈಲಟ್ ವೀರನಾಗಿ ಮನೆಗೆ ಮರಳುತ್ತಾನೆ, ಹಾಡು ಬೇಗ ಮುಗಿದುಹೋಗುತ್ತದೆ. ಅಷ್ಟೇ ಸಾಕಿತ್ತು ಕೂಡ.

ಗಮನಿಸಬೇಕಾದದ್ದು ಇದನ್ನು: ಹೀಗೆ ಗೆಲ್ಲುವ ಹಾಡುಗಳಲ್ಲೆಲ್ಲ ರಾಜಕೀಯ ಇರುವುದು ಸದ್ದಿನ ಅಂತರದಲ್ಲಿ. ನೆನಪು ಹೇಳುವ ಸಿಪಾಯಿ ಪಕ್ಕದಲ್ಲೇ ಕೂತಷ್ಟು ಹತ್ತಿರ. ಕೊಲ್ಲುವ ಯಂತ್ರಗಳು, ಅವುಗಳಿಗೆ ಚಪ್ಪಾಳೆ ತಟ್ಟುವ ಜನ ಕೋಣೆಯ ಗೋಡೆಯಿಂದಾಚೆ. ಕೇಳುಗನನ್ನು ವಾಟರ್ಸ್ ಬಾರಿನ ಆ ಗಿರಾಕಿಯ ಕುರ್ಚಿಯಲ್ಲೇ ಕೂರಿಸಿರುತ್ತಾನೆ. ಸ್ಪೀಕರ್ ಜೋಡಿಸುವುದರ ಬಗ್ಗೆ ಇಷ್ಟು ಜಗ್ಗಾಡಿದ್ದು ಅದಕ್ಕೇ.

ಸೋಲುವುದು ಪಟ್ಟಿ ಹಾಕಲು ಕೂತಾಗ. ‘ವಾಟ್ ಗಾಡ್ ವಾಂಟ್ಸ್’ ಮೂರು ಭಾಗಗಳಲ್ಲಿ ಬರುತ್ತದೆ. ದೇವರಿಗೆ ಶಾಂತಿಯೂ ಬೇಕು, ಯುದ್ಧವೂ ಬೇಕು, ಕ್ಷಾಮವೂ ಬೇಕು, ಅಂಗಡಿಸಾಲೂ ಬೇಕು ಎಂಬ ಮೊದಲ ಭಾಗದ ಲೇವಡಿ ಚೆನ್ನಾಗಿದೆ, ಜೆಫ್ ಬೆಕ್‌ನ ಗಿಟಾರ್ ಅದಕ್ಕೆ ಹಲ್ಲು ಕೊಟ್ಟಿದೆ. ಎರಡನೇ ಭಾಗದ ಹಣಬಾಕ ಟಿವಿ ಪ್ರವಚನಕಾರ ಅಷ್ಟೊತ್ತಿಗೆ ಹಳಸಲು. ಮೂರನೆಯದನ್ನು ಬೆಕ್‌ಗೋಸ್ಕರ ಕೇಳಬೇಕು, ಬೇರೆ ಕಾರಣವಿಲ್ಲ. ‘ಟೂ ಮಚ್ ರೋಪ್’ನಲ್ಲಿ ವಿಯೆಟ್ನಾಮಿಗೆ ವಾಪಸ್ ಹೋದ ಮಾಜಿ ಸೈನಿಕನ ಭಾಗ ಮನಸ್ಸು ಹಿಡಿಯುತ್ತದೆ. ಆದರೆ ಅದೇ ಹಾಡಿನೊಳಗೆ ಬಾಬ್ ಎಂಬೊಬ್ಬನ ಬೆಲೆ ಅಗ್ಗವಾಗಿತ್ತು ಎಂಬ ಚುಚ್ಚು ಯಾಕೆ? ಅದು ತನ್ನನ್ನು ಬಿಟ್ಟು ಪಿಂಕ್ ಫ್ಲಾಯ್ಡ್‌ನ ಉಳಿದವರ ಜೊತೆ 1987ರ ಆಲ್ಬಂ ಮಾಡಿದ ನಿರ್ಮಾಪಕ ಬಾಬ್ ಎಜ್ರಿನ್‌ಗೆ ಎಂದು ಅಭಿಮಾನಿಗಳೆಲ್ಲ ಗುರುತಿಸುತ್ತಾರೆ. ಲೋಕದ ಯುದ್ಧಗಳ ನಡುವೆ ಕಚೇರಿ ಜಗಳ ತಂದು ತುರುಕಿದಂತಿದೆ.

‘ವಾಚಿಂಗ್ ಟಿವಿ’ ಬಗ್ಗೆ ಇನ್ನೂ ನಿಷ್ಠುರವಾಗಬೇಕು. 1989ರ ತಿಯಾನನ್ಮೆನ್ ಚೌಕದಲ್ಲಿ ಸತ್ತ ವಿದ್ಯಾರ್ಥಿನಿಯ ಹಾಡಿದು, ಅಮೆರಿಕದ ರಾಕ್ ಗಾಯಕ ಡಾನ್ ಹೆನ್ಲಿ ವಾಟರ್ಸ್ ಜೊತೆಗೂಡಿ ಹಾಡಿದ್ದಾನೆ. ಅವಳ ಸಾವು ಟಿವಿಯಲ್ಲಿ ಕಂಡದ್ದರಿಂದಲೇ ಚರಿತ್ರೆಯಲ್ಲಿ ಸತ್ತ ಕೋಟ್ಯಂತರ ಜನರಿಗಿಂತ ಬೇರೆಯಾದಳು ಎಂಬ ವಿಚಾರ ಗಟ್ಟಿಯಾದದ್ದೇ. ಟಿವಿಯನ್ನು ಬರೀ ಬೈಯದೆ, ಅದು ಸಾಕ್ಷಿಯೂ ಆಗಬಲ್ಲದು ಎಂದು ಒಪ್ಪಿಕೊಳ್ಳುವ ಹಾಡು ಇಲ್ಲಿ ಇದೊಂದೇ. ಆದರೆ ಆ ಹುಡುಗಿಯನ್ನು ಬಣ್ಣಿಸುವಾಗ ಮೈಬಣ್ಣ, ಕಣ್ಣು, ಅಂಗಾಂಗಗಳ ಮೇಲೆ ಆಡುವ ನೋಟ ಅಪ್ಪಟ ಪಾಶ್ಚಾತ್ಯ ಪ್ರವಾಸಿಯದು. ಯಾವ ಟಿವಿ ನೋಡುಗನನ್ನು ಹಾಡು ಟೀಕಿಸಲು ಹೊರಟಿತೋ ಅವನ ಕಣ್ಣೇ ಇದು. ವ್ಯಂಗ್ಯವೆಂದು ಸಮರ್ಥಿಸುವವರಿದ್ದಾರೆ. ಇಷ್ಟು ಮುದ್ದಾದ ರಾಗದಲ್ಲಿ ಆ ವ್ಯಂಗ್ಯ ಎಲ್ಲಿಯೂ ತೋರುವುದಿಲ್ಲ.

‘ತ್ರೀ ವಿಷಸ್’ನಲ್ಲಿ ಬಾಟಲಿಯ ಭೂತ ಮೂರು ವರ ಕೊಡುತ್ತದೆ. ಲೆಬನಾನಿನಲ್ಲಿ ಎಲ್ಲರೂ ಸುಖವಾಗಿರಲಿ, ಈ ಹಾಡು ಬರೆಯಲು ಯಾರಾದರೂ ನೆರವಾಗಲಿ, ಎಳವೆಯಲ್ಲಿ ಅಪ್ಪ ಇರಬೇಕಿತ್ತು. ಹೀಗೆ ಮೂರೂ ಖರ್ಚಾದ ಮೇಲೆ ನಿಜಕ್ಕೂ ಬೇಕಾದದ್ದು ನೆನಪಾಗುತ್ತದೆ. ಇಡೀ ಆಲ್ಬಮ್ಮಿನಲ್ಲಿ ವಾಟರ್ಸ್ ತನ್ನನ್ನೇ ಗೇಲಿ ಮಾಡಿಕೊಳ್ಳುವ ಜಾಗ ಬಹುಶಃ ಇದೊಂದೇ, ಆದ್ದರಿಂದ ಆ ಮೂರನೇ ವರ ನೇರ ಎದೆಗೆ ನಾಟುತ್ತದೆ.

ಕೊನೆಯ ಎರಡು ಹಾಡು ಒಟ್ಟಿಗೇ ಕೇಳಬೇಕಾದವು. ‘ಇಟ್ಸ್ ಎ ಮಿರಾಕಲ್’ ಎಂಟು ನಿಮಿಷಕ್ಕೂ ಮೀರಿದ ನಿಧಾನಗತಿ. ಆಂಡೀಸ್ ಬೆಟ್ಟದಲ್ಲಿ ಪೆಪ್ಸಿ, ಟಿಬೆಟ್ಟಿನಲ್ಲಿ ಮೆಕ್‌ಡೊನಾಲ್ಡ್ಸ್ ಎಂದು ಪವಾಡಗಳ ಪಟ್ಟಿ ಸಾಗುತ್ತದೆ. ಪಟ್ಟಿಯೇ ಆದರೂ ಇಲ್ಲಿ ತಾಳ ಅದನ್ನು ಹೊತ್ತು ನಡೆಯುತ್ತದೆ. ಡ್ರಮ್ಸ್ ಜೆಫ್ ಪೋರ್ಕಾರೊದು. ಆಲ್ಬಂ ಹೊರಬರುವ ಮುಂಚಿನ ತಿಂಗಳು, 1992ರ ಆಗಸ್ಟ್‌ನಲ್ಲಿ ಆತ ತೀರಿಕೊಂಡ. ಒಂದೊಂದು ಹೊಡೆತದ ನಡುವೆ ಅವನು ಬಿಡುವ ಖಾಲಿ ಜಾಗ ಕೇಳಿ, ಸ್ಪೀಕರ್ ಒಳ್ಳೆಯದಿದ್ದರೆ ಚರ್ಮದ ಅದಿರಾಟ ಆರುವುದೂ ತಿಳಿಯುತ್ತದೆ. ನಡುವೆ ಸಂಗೀತ ನಾಟಕಗಳ ಸಂಯೋಜಕ ಆಂಡ್ರ್ಯೂ ಲಾಯ್ಡ್ ವೆಬರ್‌ನ ಬೆರಳು ಮುರಿಯಲಿ ಎಂಬ ಶಾಪ. ಪಿಂಕ್ ಫ್ಲಾಯ್ಡ್‌ನ ಹಳೆಯ ಸ್ವರಪಂಕ್ತಿಯನ್ನು ಅವನು ತನ್ನ ಸಂಗೀತ ನಾಟಕಕ್ಕೆ ಎತ್ತಿಕೊಂಡ ಎಂಬುದು ವಾಟರ್ಸ್‌ನ ಹಳೆಯ ದೂರು. ನಗು ಬರುತ್ತದೆ, ಆದರೆ ಮತ್ತೆ ಅದೇ ಕಚೇರಿ ಜಗಳ. ಶೀರ್ಷಿಕೆಯ ಹಾಡಿನಲ್ಲಿ ಅನ್ಯಗ್ರಹದ ಮಾನವಶಾಸ್ತ್ರಜ್ಞರು ಬಂದು, ಟಿವಿಗಳ ಸುತ್ತ ಸತ್ತುಬಿದ್ದ ನಮ್ಮನ್ನು ಕಂಡು, ಈ ಜಾತಿ ಮೋಜಿನಲ್ಲೇ ಮುಗಿದುಹೋಯಿತು ಎಂದು ಷರಾ ಬರೆಯುತ್ತಾರೆ. ಅದಾದ ಮೇಲೆ ಮತ್ತೆ ರಝೆಲ್ ಮಾತು: 1984ರಲ್ಲಿ ಫ್ರಾನ್ಸಿನ ಆರಾಸ್ ಸ್ಮಾರಕದಲ್ಲಿ ಬಿಲ್ ಹಬರ್ಡ್ ಹೆಸರು ಕಣ್ಣಿಗೆ ಬಿದ್ದದ್ದು. ಇದನ್ನು ಕೊನೆಗಿಟ್ಟದ್ದು ನಿರ್ಮಾಪಕನ ಬುದ್ಧಿವಂತಿಕೆ. ವಾಟರ್ಸ್ ಜೊತೆ ಕೂತ ಪ್ಯಾಟ್ರಿಕ್ ಲಿಯೊನಾರ್ಡ್ ಅದಕ್ಕೂ ಮುಂಚೆ ಹೆಸರು ಮಾಡಿದ್ದು ಮಡೋನಾ ಹಾಡುಗಳಿಂದ ಎಂದರೆ ಹಲವರು ನಂಬುವುದಿಲ್ಲ.

ಯಾವುದನ್ನು ಕೊಳ್ಳುವುದು? ಎರಡು ಸ್ಪೀಕರಿನ ಸ್ಟಿರಿಯೊ ಇದ್ದು, ಜಾಗ ಹೊಂದಿಸುವ ತಾಳ್ಮೆ ಇದ್ದರೆ 1992ರ ಸಿಡಿ ಈಗಲೂ ಚೆನ್ನ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಒಳಗಿನ ಪುಸ್ತಿಕೆ ಇದೆಯೇ ನೋಡಿಕೊಳ್ಳಿ, ಸಾಹಿತ್ಯ ಎದುರಿಗಿಲ್ಲದೆ ಮೊದಲ ಸಲಕ್ಕೆ ಅರ್ಧ ಕೈಗೆ ಸಿಗುವುದಿಲ್ಲ. ಮನೆಯಲ್ಲಿ 5.1 ವ್ಯವಸ್ಥೆಯಿದ್ದರೆ (ಸುತ್ತ ಐದು ಸ್ಪೀಕರ್, ಬೇಸ್‌ಗೆ ಒಂದು ಸಬ್‌ವೂಫರ್) ಎರಡನೇ ಯೋಚನೆ ಬೇಡ, 2015ರ ಬ್ಲೂ-ರೇ ಇರುವ ಸೆಟ್ ತೆಗೆದುಕೊಳ್ಳಿ. ಭ್ರಮೆಯಿಂದ ಹುಟ್ಟುತ್ತಿದ್ದ ದಿಕ್ಕುಗಳು ಇಲ್ಲಿ ನಿಜವಾದ ಹಿಂಬದಿ ಸ್ಪೀಕರುಗಳಿಂದ ಬರುತ್ತವೆ, ಕುರ್ಚಿ ಒಂದಡಿ ಆಚೀಚೆಯಾದರೂ ನಡೆಯುತ್ತದೆ. 2016ರ ಗ್ರ್ಯಾಮಿಯಲ್ಲಿ ಅತ್ಯುತ್ತಮ ಸರೌಂಡ್ ಸೌಂಡ್ ಆಲ್ಬಂ ಪ್ರಶಸ್ತಿ ಗತ್ರಿಯ ಈ ಕೆಲಸಕ್ಕೆ ಸಿಕ್ಕಿತು. ಅನಲಾಗ್ ಪ್ರೊಡಕ್ಷನ್ಸ್ ಎಂಬ ಕಂಪನಿ ಹೊರತಂದ ಎಸ್‌ಎಸಿಡಿಯಲ್ಲೂ (ಸಿಡಿಗಿಂತ ಮೇಲ್ಮಟ್ಟದ ಸೂಪರ್ ಆಡಿಯೊ ಸಿಡಿ) 5.1 ಇದೆ. ಅದು ಹೈಬ್ರಿಡ್ ಡಿಸ್ಕ್ ಆದ್ದರಿಂದ ಮಾಮೂಲಿ ಪ್ಲೇಯರಿನಲ್ಲಿ ಹಾಕಿದರೂ ಹಾಡುತ್ತದೆ, ಆದರೆ ಬರೀ ಸಿಡಿ ಪದರದ ಸ್ಟಿರಿಯೊ. 5.1 ಬೇಕೆಂದರೆ ಎಸ್‌ಎಸಿಡಿ ಓದುವ ಪ್ಲೇಯರ್, ಅಲ್ಲಿಂದ ರಿಸೀವರಿಗೆ ಎಚ್‌ಡಿಎಂಐ ಇಲ್ಲವೇ 5.1 ಅನಲಾಗ್ ಸಂಪರ್ಕ ಎರಡೂ ಬೇಕು. ‘ಡಿಸ್ಕ್ ಹಾಕಿದೆ, ಸರೌಂಡ್ ಬರ್ತಿಲ್ಲ’ ಎನ್ನುವವರ ತೊಂದರೆ ಬಹುಪಾಲು ಇಲ್ಲೇ ಇರುತ್ತದೆ.

ಎಲ್‌ಪಿಯ ಬಗ್ಗೆ ಮೋಹ ಇರುವವರಿಗೆ ಎರಡು ಮಾತು. 72 ನಿಮಿಷ ನಾಲ್ಕು ಬದಿಗೆ ಹಂಚಿದರೆ ಒಂದೊಂದಕ್ಕೆ 18 ನಿಮಿಷ, ಗೀರುಗಳಿಗೆ ಸಾಕಷ್ಟು ಜಾಗ ಸಿಗುತ್ತದೆ, ದನಿ ಕುಗ್ಗುವುದಿಲ್ಲ. ಆದರೆ ಜೀರುಂಡೆ, ಪಿಸುಮಾತು, ಮೌನಗಳಿಂದ ತುಂಬಿದ ಆಲ್ಬಮ್ಮಿನಲ್ಲಿ ಸೂಜಿಯ ಚಟಪಟ ಪ್ರತಿಯೊಂದೂ ಎದ್ದು ಕೇಳುತ್ತದೆ. ಹಾಡಿನಿಂದ ಹಾಡಿಗೆ ಸದ್ದು ಹರಿಯುವಲ್ಲಿ ಎದ್ದು ಪ್ಲೇಟು ತಿರುಗಿಸಬೇಕಾಗುವುದು ಇನ್ನೊಂದು ಕಿರಿಕಿರಿ.

ಸ್ಟ್ರೀಮಿಂಗ್‌ನಲ್ಲಿ ಕೇಳುವವರು ಸೆಟ್ಟಿಂಗ್ಸ್‌ಗೆ ಹೋಗಿ ಕ್ರಾಸ್‌ಫೇಡ್ ತೆಗೆಯಿರಿ, ಗ್ಯಾಪ್‌ಲೆಸ್ ಹಾಕಿ, ಶಫಲ್ ಬೇಡವೇ ಬೇಡ. ವಾಲ್ಯೂಮ್ ನಾರ್ಮಲೈಸೇಷನ್ ಆಯ್ಕೆಯಲ್ಲಿ ‘ಲೌಡ್’ ಇದ್ದರೆ ಅದನ್ನೂ ಆರಿಸಿ, ಇಲ್ಲದಿದ್ದರೆ ರಝೆಲ್ ಪಿಸುಮಾತೂ ಬಾಂಬೂ ಒಂದಕ್ಕೊಂದು ಹತ್ತಿರವಾಗಿ ಆಲ್ಬಮ್ಮಿನ ಬೆನ್ನೆಲುಬೇ ಮುರಿಯುತ್ತದೆ. ಫೋನಿನ ‘ಸ್ಪೇಷಿಯಲ್ ಆಡಿಯೊ’, ‘ಡಾಲ್ಬಿ’ ಗುಂಡಿಗಳಿಗೂ ಇದೇ ಮಾತು.

ಪೂರ್ತಿ ಆಲ್ಬಮ್ಮಿಗೆ ಇಳಿಯುವ ಮೊದಲು ರುಚಿ ನೋಡಬೇಕೆನ್ನುವವರಿಗೆ ಇನ್ನೊಂದು ದಾರಿ ‘ಇನ್ ದ ಫ್ಲೆಶ್’ ಎಂಬ 2000ದ ಲೈವ್ ಆಲ್ಬಂ. ಅದೇ ಹೆಸರಿನ ಪ್ರವಾಸ 2002ರಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೂ ಬಂದಿತ್ತು. ಕನ್ನಡನಾಡಿನ ಅನೇಕ ರಾಕ್ ಕೇಳುಗರಿಗೆ ವಾಟರ್ಸ್ ಎಂದರೆ ಇಂದಿಗೂ ಆ ಸಂಜೆಯೇ. ಲೈವ್ ಆಲ್ಬಮ್ಮಿನಲ್ಲಿ ‘ಪರ್ಫೆಕ್ಟ್ ಸೆನ್ಸ್’ನ ಎರಡೂ ಭಾಗ, ‘ಬ್ರೇವರಿ’, ‘ಇಟ್ಸ್ ಎ ಮಿರಾಕಲ್’, ಶೀರ್ಷಿಕೆ ಹಾಡು ಇವೆ. ಪಟ್ಟಿ ಹಾಡುಗಳೆಲ್ಲ ಬಿದ್ದುಹೋಗಿ ಗಟ್ಟಿ ಕಾಳು ಮಾತ್ರ ಉಳಿದಿದೆ. ಕ್ರೀಡಾಂಗಣದ ಗೀತೆಯನ್ನು ನಿಜವಾದ ಕ್ರೀಡಾಂಗಣದ ಜನ ಹಾಡುವಾಗ ವ್ಯಂಗ್ಯ ಎಲ್ಲಿ ಮುಗಿದು ಉತ್ಸಾಹ ಎಲ್ಲಿ ಶುರುವಾಯಿತು ಎಂದು ಹೇಳುವುದು ಕಷ್ಟ. ಅದನ್ನು ಕೇಳಿ ಹಿಡಿಸಿದರೆ ಮಾತ್ರ ಸ್ಟುಡಿಯೊ ಆಲ್ಬಂ ಕೊಳ್ಳಿ. ‘ಅಮ್ಯೂಸ್ಡ್ ಟು ಡೆತ್’ ಬಂದ 25 ವರ್ಷಕ್ಕೆ, 2017ರಲ್ಲಿ ನೈಜೆಲ್ ಗಾಡ್‌ರಿಚ್ ನಿರ್ಮಾಣದಲ್ಲಿ ಬಂದ ‘ಈಸ್ ದಿಸ್ ದ ಲೈಫ್ ವಿ ರಿಯಲಿ ವಾಂಟ್?’ 54 ನಿಮಿಷದ್ದು, ಹೆಚ್ಚು ಬಿಗಿ, ಹೆಚ್ಚು ಸುಲಭ. ಅದನ್ನು ಕಾರಿನಲ್ಲೂ ಕೇಳಬಹುದು.